ರೊಟ್ಟಿ ಬಡಿಯುವ ಹೊತ್ತಿನ ಓದು

ನಾನು ಕಲಬುರಗಿಯಲ್ಲಿದ್ದುಕೊಂಡು ಯಾದಗಿರಿಯ ಸರ್ಕಾರಿ ಕಚೇರಿಯೊಂದಕ್ಕೆ ದಿನವೂ ರೈಲಿನಲ್ಲಿ ಹೋಗಿ ಬರುವವಳು. ಮನೆಯಲ್ಲಿ ಆರನೆಯ ತರಗತಿಯ ಮಗಳು, ಒಂದನೆಯ ತರಗತಿಯ ಮಗ, ಎಪ್ಪತ್ತು ದಾಟಿದ ಅತ್ತೆ, ಔಷಧಿ ಅಂಗಡಿ ನಡೆಸುವ ಗಂಡ ಇದ್ದಾರೆ. ಇಷ್ಟು ಹೇಳಿದ ಮೇಲೆ ನನ್ನ ದಿನ ಹೇಗಿರುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಆದರೂ ನಾನು ಓದುತ್ತೇನೆ. ಕತೆ, ಕಾದಂಬರಿ, ಆತ್ಮಕತೆ, ಚರಿತ್ರೆ, ಹೀಗೆ ಕಚೇರಿಗಾಗಲಿ ಬಡ್ತಿ ಪರೀಕ್ಷೆಗಾಗಲಿ ಯಾವ ಉಪಯೋಗಕ್ಕೂ ಬಾರದ ಪುಸ್ತಕಗಳನ್ನು ಓದುತ್ತೇನೆ. ಇದು ಗೊತ್ತಾದವರು, ಅದರಲ್ಲೂ ಚಿಕ್ಕ ಮಕ್ಕಳಿರುವ ಹೆಂಗಸರು, “ನಿಮಗೆ ಹೊತ್ತು ಎಲ್ಲಿ ಸಿಗುತ್ತದೆ?” ಎಂದು ಕೇಳುತ್ತಾರೆ. ಕೇಳುವ ದನಿಯಲ್ಲಿ ಅಚ್ಚರಿಯ ಜೊತೆಗೆ ಒಂದು ಬಗೆಯ ನೋವೂ ಇರುತ್ತದೆ. ಒಂದು ಕಾಲಕ್ಕೆ ಓದುತ್ತಿದ್ದು ಈಗ ಬಿಟ್ಟವರ ನೋವು ಅದು. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಹೊತ್ತು ಸಿಕ್ಕರೆ ಓದು ತಾನಾಗಿ ಬರುತ್ತದೆ ಎಂದು ನಾನು ನಂಬುವುದಿಲ್ಲ. ಅದಕ್ಕೆ 2020 ಕಾರಣ. ಆ ವರ್ಷ ಫೆಬ್ರುವರಿ 5ರಿಂದ 7ರವರೆಗೆ ಗುಲಬರ್ಗಾ ವಿಶ್ವವಿದ್ಯಾಲಯದ ಆವರಣದಲ್ಲಿ 85ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ಸೇಡಂ, ಆಳಂದ, ಜೇವರ್ಗಿ, ಚಿಂಚೋಳಿಯ ಹಳ್ಳಿಗಳಿಂದ ಜನ ಬಂದಿದ್ದರು. ಪುಸ್ತಕ ಮಳಿಗೆಗಳ ನಡುವೆ ಭುಜಕ್ಕೆ ಭುಜ ತಾಗಿಸಿಕೊಂಡೇ ಸಾಗಬೇಕಿತ್ತು. ಮಗ ಆಗ ಕಂಕುಳ ಕೂಸು. ಮಗಳು ಧೂಳಿಗೆ ಕಣ್ಣುಜ್ಜಿಕೊಳ್ಳುತ್ತಾ ನನ್ನ ಸೆರಗು ಹಿಡಿದು ನಡೆಯುತ್ತಿದ್ದಳು. ನಾನು ಚೀಲ ತುಂಬ ಪುಸ್ತಕ ಕೊಂಡೆ. ಹಿಂದೆ ಓದಬೇಕೆಂದು ಬಿಟ್ಟವು, ಹೆಸರು ಮಾತ್ರ ಕೇಳಿದ್ದವು, ಮುಖಪುಟ ಚೆನ್ನಾಗಿದ್ದವು, ಎಲ್ಲವೂ ಅದರಲ್ಲಿದ್ದವು. ಹೊರುವ ಸರದಿ ಗಂಡನದು.

ತಿಂಗಳು ಕಳೆಯುವಷ್ಟರಲ್ಲಿ, ಮಾರ್ಚ್ 10ರಂದು, ನಮ್ಮೂರಿನ 76 ವರ್ಷದ ಹಿರಿಯರೊಬ್ಬರು ತೀರಿಕೊಂಡರು. ಅದು ದೇಶದ ಮೊದಲ ಕೊರೊನಾ ಸಾವು ಎಂದು ಎರಡು ದಿನದ ನಂತರ ದೃಢಪಟ್ಟಿತು. ಇಡೀ ದೇಶಕ್ಕೆ ಬೀಗ ಬೀಳುವ ಮೊದಲೇ ಕಲಬುರಗಿಯ ರಸ್ತೆಗಳು ಖಾಲಿಯಾಗಿದ್ದವು. ಮುಂದೆ ರೈಲು ನಿಂತಿತು, ಕಚೇರಿಗೆ ಹೋಗುವುದು ನಿಂತಿತು. ಲೆಕ್ಕ ಹಾಕಿದರೆ ನನ್ನ ಜೀವನದಲ್ಲಿ ಅಷ್ಟು ಬಿಡುವು ಅದಕ್ಕೆ ಮೊದಲೂ ಸಿಕ್ಕಿರಲಿಲ್ಲ, ಆಮೇಲೂ ಸಿಕ್ಕಿಲ್ಲ. ಪುಸ್ತಕದ ಚೀಲ ಮಂಚದ ಪಕ್ಕದಲ್ಲೇ ಇತ್ತು. ಒಂದು ಪುಟವೂ ಒಳಗಿಳಿಯಲಿಲ್ಲ. ಗಂಡ ದಿನವೂ ಅಂಗಡಿ ತೆರೆಯಲೇಬೇಕಿತ್ತು. ಅವರು ಹಿಂದಿರುಗಿ, ಹೊರಗಿನ ನಲ್ಲಿಯಲ್ಲೇ ಕೈಕಾಲು ತೊಳೆದು ಒಳಬರುವವರೆಗೆ ನನ್ನ ಮನಸ್ಸು ಬಾಗಿಲಲ್ಲೇ ನಿಂತಿರುತ್ತಿತ್ತು. ಓದುವ ಮನಸ್ಸಿಗೆ ಗಂಟೆಗಳಿಗಿಂತ ಮೊದಲು ಒಂದು ನಿಶ್ಚಿಂತೆ ಬೇಕು. ಯಾರೋ ಕರೆಯುತ್ತಾರೆ, ಏನೋ ಆಗುತ್ತದೆ ಎಂದು ಕಿವಿ ನಿಮಿರಿಸಿಕೊಂಡು ಕುಳಿತವರಿಗೆ ದಿನವಿಡೀ ಬಿಡುವಿದ್ದರೂ ಅಷ್ಟೇ.

ತಾಯಂದಿರ ಕಿವಿ ಸಾಮಾನ್ಯ ದಿನಗಳಲ್ಲೂ ನಿಮಿರಿಯೇ ಇರುತ್ತದೆ. ಹಾಗಾಗಿ ಹೊತ್ತಿನ ಪ್ರಶ್ನೆಯನ್ನು ನಾನು ಮನೆಯ ಕಡೆ ತಿರುಗಿಸಿ ನೋಡುತ್ತೇನೆ. ಕೈಯಲ್ಲಿ ಪುಸ್ತಕ ಹಿಡಿದು ಕುಳಿತ ಹೆಣ್ಣು ಮನೆಯವರ ಕಣ್ಣಿಗೆ ಹೇಗೆ ಕಾಣುತ್ತಾಳೆ? ಖಾಲಿ ಕುಳಿತವಳ ಹಾಗೆ. ಅದೇ ಹೆಣ್ಣು ಟಿವಿ ಮುಂದೆ ಕುಳಿತು ಧಾರಾವಾಹಿ ನೋಡುತ್ತಾ ತೊಗರಿ ಬೇಳೆ ಹಸನು ಮಾಡುತ್ತಿದ್ದರೆ ಕೆಲಸದಲ್ಲಿದ್ದಾಳೆ. ಫೋನಿನಲ್ಲಿ ತಂಗಿಯೊಂದಿಗೆ ಮಾತನಾಡುತ್ತಾ ಬಟ್ಟೆ ಮಡಚುತ್ತಿದ್ದರೂ ಕೆಲಸದಲ್ಲಿದ್ದಾಳೆ. ಪುಸ್ತಕ ಹಾಗಲ್ಲ. ಅದಕ್ಕೆ ಎರಡೂ ಕೈ ಬೇಕು, ಎರಡೂ ಕಣ್ಣು ಬೇಕು. ಸಂಸಾರ ಕೇಳುವುದೂ ಅವೇ ಕೈ, ಅವೇ ಕಣ್ಣು. ಗಂಡಸು ಬೆಳಿಗ್ಗೆ ಪತ್ರಿಕೆ ಬಿಡಿಸಿ ಕುಳಿತರೆ ಮಕ್ಕಳು ಅವನನ್ನು ದಾಟಿ ಅಡುಗೆಮನೆಗೆ ಬಂದು ನೀರು ಕೇಳುತ್ತವೆ. ಇದು ಯಾರೊಬ್ಬರ ದುಷ್ಟತನವೂ ಅಲ್ಲ. ಮನೆಗಳು ಹಾಗೆ ಅಭ್ಯಾಸವಾಗಿ ಹೋಗಿವೆ.

ನಮ್ಮ ಮನೆಯಲ್ಲಿ ಅದು ಬದಲಾದದ್ದು ನನ್ನ ಗಂಡ ಆಡಿದ ಒಂದು ಮಾತಿನಿಂದ. ಅವರು ಪುಸ್ತಕ ಓದುವವರಲ್ಲ. ಒಂದು ಭಾನುವಾರ ಮಗ ಪೆನ್ಸಿಲ್ ಕೆತ್ತಿಕೊಡು ಎಂದು ನನ್ನ ಬಳಿ ಬಂದಾಗ, “ಅವ್ವ ಓದುತ್ತಿದ್ದಾಳೆ, ನನ್ನ ಹತ್ತಿರ ಬಾ” ಎಂದರು. ಅಷ್ಟೇ. ಮಗು ಅಡುಗೆ, ಕಚೇರಿ, ಸ್ನಾನ, ಪೂಜೆಗಳ ಸಾಲಿಗೆ ಅವ್ವನ ಓದನ್ನೂ ಸೇರಿಸಿಕೊಂಡಿತು. ನನ್ನನ್ನು ಹೊತ್ತಿನ ಬಗ್ಗೆ ಕೇಳುವ ಗೆಳತಿಯರಿಗೆ ನಾನು ಮೊದಲು ಹೇಳುವುದು ಇದನ್ನೇ. ನಿಮ್ಮ ಓದನ್ನು ಮನೆಯಲ್ಲಿ ಇನ್ನೊಬ್ಬರು ಬಾಯಿಬಿಟ್ಟು ಒಪ್ಪಿಕೊಳ್ಳಬೇಕು. ಎಲ್ಲರೂ ಮಲಗಿದ ಮೇಲೆ ಕಳ್ಳತನದಲ್ಲಿ ಓದುವುದನ್ನು ಬಹಳ ಜನ ತ್ಯಾಗದಂತೆ ಹೇಳಿಕೊಳ್ಳುತ್ತಾರೆ. ನನಗೆ ಅದು ಸರಿಕಾಣುವುದಿಲ್ಲ. ಮಕ್ಕಳಿಗೆ ಕಾಣದ ಓದು ಮಕ್ಕಳ ಪಾಲಿಗೆ ಇಲ್ಲವೇ ಇಲ್ಲ. ಅಲ್ಲದೆ ರಾತ್ರಿ ಹತ್ತು ಗಂಟೆಗೆ ನನ್ನಲ್ಲಿ ಉಳಿಯುವ ತ್ರಾಣಕ್ಕೆ ಯಾವ ಲೇಖಕರೂ ಅರ್ಹರಲ್ಲ.

ರೈಲಿನ ಓದನ್ನು ಬೇಗ ಹೇಳಿ ಮುಗಿಸುತ್ತೇನೆ, ಏಕೆಂದರೆ ಅದು ಎಲ್ಲರಿಗೂ ಸಿಗುವಂಥದ್ದಲ್ಲ. ಯಾದಗಿರಿ ಜಿಲ್ಲೆಯಾದದ್ದು 2009ರಲ್ಲಿ. ಅಂದಿನಿಂದ ಅಲ್ಲಿನ ಕಚೇರಿಗಳಿಗೆ ಕಲಬುರಗಿಯಿಂದ ಓಡಾಡುವ ನೌಕರರು ಬಹಳ. ಮಾಸಿಕ ಪಾಸು, ಊಟದ ಡಬ್ಬಿ, ಶಹಾಬಾದ್, ವಾಡಿ, ನಾಲವಾರ, ಯಾದಗಿರಿ. ನಮ್ಮ ಹೆಂಗಸರ ಗುಂಪಿನಲ್ಲಿ ಒಬ್ಬರು ಸಂಜೆ ಹಿಂದಿರುಗುವಾಗ ಮೆಂತ್ಯ ಸೊಪ್ಪು ಬಿಡಿಸುತ್ತಾರೆ, ಒಬ್ಬರು ಸ್ವೆಟರ್ ಹೆಣೆಯುತ್ತಾರೆ, ಒಬ್ಬರು ನಿದ್ದೆ ಮಾಡುತ್ತಾರೆ. ನಾನು ಓದುತ್ತೇನೆ. ಬೆಳಗಿನ ಪ್ರಯಾಣ ಓದಿಗೆ ಒಳ್ಳೆಯದು. ಸಂಜೆಯ ಪ್ರಯಾಣದಲ್ಲಿ ಮಾತಿಗೇ ಹೆಚ್ಚು ಬೆಲೆ. ಹಗಲೆಲ್ಲ ಕಡತದ ಮುಂದೆ ಮುಚ್ಚಿದ ಬಾಯಿ ತೆರೆಯುವ ಹೊತ್ತು ಅದು. ರೈಲಿಗೆ ಸಣ್ಣಕತೆ ಹೊಂದುತ್ತದೆ, ಪ್ರಬಂಧ ಹೊಂದುತ್ತದೆ. ಕವಿತೆ ಹೊಂದುವುದಿಲ್ಲ. ಒಂದು ಸಾಲು ಓದಿ ಕಿಟಕಿಯಾಚೆ ನೋಡುತ್ತಾ ಕುಳಿತರೆ ಪಕ್ಕದವರು ಏನಾಯಿತೆಂದು ವಿಚಾರಿಸುತ್ತಾರೆ. ವಾಡಿಯಲ್ಲಿ ಗಾಡಿ ಕ್ರಾಸಿಂಗಿಗೆಂದು ನಿಂತಾಗ ಉಳಿದವರು ಗೊಣಗುತ್ತಾರೆ. ನನಗೆ ಹತ್ತು ಪುಟ ಹೆಚ್ಚು ಸಿಗುತ್ತದೆ.

ನಾನು ನಿಜವಾಗಿ ಹೇಳಬೇಕೆಂದಿರುವುದು ಸಂಜೆಯ ಅಡುಗೆಮನೆಯ ಬಗ್ಗೆ.

ನಮ್ಮ ಕಡೆ ರಾತ್ರಿಯೂಟಕ್ಕೆ ಜೋಳದ ರೊಟ್ಟಿ ಇರಲೇಬೇಕು. ಹಿಟ್ಟಿಗೆ ಎಸರು ಹಾಕಿ ನಾದಿ, ಉಂಡೆ ಮಾಡಿ, ಅಂಗೈಯಿಂದ ಬಡಿಯುತ್ತಾ ತಿರುಗಿಸುತ್ತಾ ಅಗಲ ಮಾಡಿ, ಹಂಚಿಗೆ ಹಾಕಿ, ಮೇಲ್ಮೈಗೆ ಒದ್ದೆ ಬಟ್ಟೆಯಿಂದ ನೀರು ಸವರಿ, ಮಗುಚಿ ಸುಡಬೇಕು. ಐದು ಜನರ ಮನೆಗೆ ಇದು ಮುಕ್ಕಾಲು ಗಂಟೆಯ ಕೆಲಸ. ಕೈಗೆ ಬಿಡುವಿಲ್ಲ, ಕಣ್ಣು ಹಂಚಿನ ಮೇಲೆ. ಆದರೆ ಕಿವಿ ಪೂರ್ತಿ ಖಾಲಿ. ಮಗಳು ನಾಲ್ಕನೆಯ ತರಗತಿಯಲ್ಲಿದ್ದಾಗ ಅವಳ ಕನ್ನಡ ಓದು ತೊಡರುತ್ತಿತ್ತು. ಇಂಗ್ಲಿಷ್ ಮಾಧ್ಯಮದ ಶಾಲೆ, ಒತ್ತಕ್ಷರ ಬಂದರೆ ನಿಂತುಬಿಡುತ್ತಿದ್ದಳು. “ನೀನು ಇಲ್ಲಿ ಕುಳಿತು ಜೋರಾಗಿ ಓದು, ನನಗೆ ಕತೆ ಕೇಳಬೇಕು” ಎಂದೆ. ಅವಳಿಗೆ ಓದು ಕಲಿಸುವುದು ಒಂದು ಉದ್ದೇಶ, ನಿಜ. ಆದರೆ ನನಗೆ ಕತೆ ಕೇಳಬೇಕಿತ್ತು ಎಂಬುದೂ ಅಷ್ಟೇ ನಿಜ. ಅದು ಅವಳಿಗೆ ತಿಳಿದದ್ದರಿಂದಲೇ ಈ ಪದ್ಧತಿ ಇಂದಿಗೂ ಉಳಿದಿದೆ. ತಮಗಾಗಿ ಮಾಡುತ್ತಿರುವ ನಾಟಕ ಯಾವುದು, ದೊಡ್ಡವರಿಗೆ ನಿಜವಾಗಿ ಬೇಕಾದದ್ದು ಯಾವುದು ಎಂಬುದನ್ನು ಮಕ್ಕಳು ಕ್ಷಣದಲ್ಲಿ ಪತ್ತೆ ಹಚ್ಚುತ್ತವೆ.

ರೊಟ್ಟಿಯ ಸದ್ದಿನ ಮೇಲೆ ಕೇಳಿಸಬೇಕೆಂದರೆ ದನಿ ಎತ್ತಿ ಓದಬೇಕು. ದನಿ ಎತ್ತಿದರೆ ಅರ್ಧ ಬಾಯಲ್ಲಿ ನುಂಗಿ ಓದಲು ಬರುವುದಿಲ್ಲ. ವಾಕ್ಯ ಎಲ್ಲಿ ನಿಲ್ಲುತ್ತದೆ, ಪ್ರಶ್ನೆ ಎಲ್ಲಿ ಏಳುತ್ತದೆ ಎಂಬುದು ತಾನಾಗಿ ತಿಳಿಯುತ್ತದೆ. ಮೊದಮೊದಲು ಮಕ್ಕಳ ಕತೆಗಳನ್ನೇ ಓದುತ್ತಿದ್ದಳು. ಆಮೇಲೆ ನನ್ನ ಪುಸ್ತಕಗಳಿಗೆ ಕೈಹಾಕಿದೆವು. ಹಳ್ಳಿಯ ಹೆಣ್ಣುಮಗಳೊಬ್ಬಳ ಬದುಕಿನ ಕಾದಂಬರಿಯನ್ನು ಶುರು ಮಾಡಿದಾಗ ಅತ್ತೆಯವರೂ ಬಂದು ಬಾಗಿಲ ಬಳಿ ಕುಳಿತರು. ಬೆಳ್ಳುಳ್ಳಿ ಸುಲಿಯುವ ನೆಪ ಕೈಯಲ್ಲಿತ್ತು. ಮರುದಿನ ನೆಪವಿಲ್ಲದೆ ಬಂದರು.

ಅತ್ತೆಯವರಿಗೆ ಅಕ್ಷರ ಬರುವುದಿಲ್ಲ. ಆದರೆ ಓದನ್ನು ಹೇಗೆ ಕೇಳಬೇಕು ಎಂಬುದು ನಮ್ಮೆಲ್ಲರಿಗಿಂತ ಅವರಿಗೆ ಚೆನ್ನಾಗಿ ಗೊತ್ತು. ಅವರ ಹಳ್ಳಿಯಲ್ಲಿ ಶ್ರಾವಣ ಬಂದರೆ ಗುಡಿಯಲ್ಲಿ ಪುರಾಣ ಹಚ್ಚುತ್ತಿದ್ದರು. ಒಬ್ಬರು ಪದ್ಯ ಓದುವವರು, ಒಬ್ಬರು ಅರ್ಥ ಹೇಳುವವರು, ಊರೆಲ್ಲ ಕೇಳುವವರು. ಹೆಂಗಸರು ಹತ್ತಿ ತಂದು ಬತ್ತಿ ಹೊಸೆಯುತ್ತಾ ಕುಳಿತಿರುತ್ತಿದ್ದರಂತೆ. ತಿಂಗಳ ಕೊನೆಗೆ ಮಂಗಲದ ದಿನ ಇಡೀ ಊರಿಗೆ ಊಟ. ಹಾಗೆ ಕೇಳಿದ ಪದ್ಯಗಳಲ್ಲಿ ಎಷ್ಟೋ ಅವರಿಗೆ ಈಗಲೂ ಬಾಯಿಪಾಠ. ಮಗಳು ಒಂದು ಗಾದೆಯ ಮೊದಲ ಪದವನ್ನು ಕಷ್ಟಪಟ್ಟು ಕೂಡಿಸಿ ಓದುವಷ್ಟರಲ್ಲಿ ಅತ್ತೆಯವರು ಉಳಿದ ಅರ್ಧವನ್ನು ಹೇಳಿ ಮುಗಿಸಿರುತ್ತಾರೆ. ಮಗಳಿಗೆ ಮೊದಲು ಸಿಟ್ಟು ಬರುತ್ತಿತ್ತು. ಈಗ ಅವಳೇ ನಿಲ್ಲಿಸಿ, “ಹೇಳು ಆಯಿ, ಮುಂದೇನು?” ಎಂದು ಪರೀಕ್ಷೆ ಮಾಡುತ್ತಾಳೆ.

ಕಾದಂಬರಿಯ ಆ ಹೆಣ್ಣುಮಗಳು ಅತ್ತೆಮನೆಯಲ್ಲಿ ಬಾಯಿಮುಚ್ಚಿಕೊಂಡು ಎಲ್ಲ ಸಹಿಸುವ ಅಧ್ಯಾಯ ಬಂದಾಗ ನಮ್ಮ ಅತ್ತೆಯವರು ಕೇಳಿದರು: “ಅವಳಿಗೆ ಬಾಯಿಲ್ಲವೇ? ಒಂದು ಮಾತಾದರೂ ಆಡಬೇಕಿತ್ತು.” ನಾನು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಅವರ ಮುಖ ನೋಡಿದೆ. ಅವರು ಸೊಸೆಯಾಗಿದ್ದ ಕಾಲದ ಯಾವ ಮಾತನ್ನೂ ನನಗೆ ಅದುವರೆಗೆ ಹೇಳಿರಲಿಲ್ಲ. ಆ ರಾತ್ರಿ ಹೇಳಿದರು. ಅದನ್ನೆಲ್ಲ ಇಲ್ಲಿ ಬರೆಯುವುದಿಲ್ಲ, ಅದು ಅವರದು. ಹನ್ನೆರಡು ವರ್ಷ ಒಂದೇ ಅಡುಗೆಮನೆಯಲ್ಲಿ ನಿಂತು ನಾವಿಬ್ಬರು ಆಡಿರದ ಮಾತನ್ನು ಮೂರನೆಯವಳೊಬ್ಬಳು, ಅದೂ ಕಾಗದದ ಮೇಲಿನವಳು, ಬಂದು ಆಡಿಸಿದಳು. ಪುಸ್ತಕದಿಂದ ಏನು ಸಿಗುತ್ತದೆ ಎಂದು ಕೇಳುವವರಿಗೆ ನಾನು ಕೊಡಬಲ್ಲ ಸಾಕ್ಷಿ ಇದು.

ನಮ್ಮೂರಿನಿಂದ ದೂರವೇನಲ್ಲದ ಮಳಖೇಡ, ಸೇಡಂ ತಾಲ್ಲೂಕಿನಲ್ಲಿ ಕಾಗಿಣಾ ನದಿಯ ದಡದ ಊರು, ರಾಷ್ಟ್ರಕೂಟರ ಮಾನ್ಯಖೇಟ. ಕನ್ನಡದಲ್ಲಿ ನಮಗೆ ದೊರೆತಿರುವ ಅತ್ಯಂತ ಹಳೆಯ ಗ್ರಂಥ ‘ಕವಿರಾಜಮಾರ್ಗ’ ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿತು. ಕನ್ನಡಿಗರು ‘ಕುರಿತೋದದೆಯುಂ ಕಾವ್ಯಪ್ರಯೋಗ ಪರಿಣತಮತಿಗಳ್’, ಅಂದರೆ ಉದ್ದೇಶವಿಟ್ಟು ಓದದಿದ್ದರೂ ಕಾವ್ಯ ಬಲ್ಲವರು, ಎಂದು ಅದು ಹೊಗಳುತ್ತದೆ. ಅತ್ತೆಯವರು ಆ ಮಾತಿಗೆ ತಕ್ಕವರು. ಈ ಸಾಲನ್ನು ವೇದಿಕೆಗಳಲ್ಲಿ ಹೆಮ್ಮೆಯಿಂದ ಹೇಳುವುದನ್ನು ಬಹಳ ಸಲ ಕೇಳಿದ್ದೇನೆ, ನನಗೂ ಹೆಮ್ಮೆಯಿದೆ. ಆದರೆ ಅತ್ತೆಯವರನ್ನು ಕೇಳಿದರೆ ಬೇರೆಯೇ ಉತ್ತರ ಬರುತ್ತದೆ. ಅವರ ಅಣ್ಣಂದಿರು ಶಾಲೆಗೆ ಹೋದರು, ಅವರು ಎಮ್ಮೆ ಕಾಯಲು ಹೋದರು. ಓದದೆಯೂ ಬಲ್ಲವಳಾದೆ ಎಂಬ ಸಮಾಧಾನ ಅವರಿಗಿಲ್ಲ, ಓದಲು ಬಿಡಲಿಲ್ಲ ಎಂಬ ಕೊರಗಿದೆ. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ 51.83, ರಾಜ್ಯದಲ್ಲೇ ಎಲ್ಲಕ್ಕಿಂತ ಕಡಿಮೆ. ಹೆಂಗಸರದ್ದು ಅದಕ್ಕೂ ಕೆಳಗೆ. ಕಚೇರಿಯಲ್ಲಿ ಇಂದಿಗೂ ನನಗಿಂತ ಚಿಕ್ಕ ವಯಸ್ಸಿನ ಹೆಂಗಸರು ಅರ್ಜಿಯ ಮೇಲೆ ಹೆಬ್ಬೆಟ್ಟು ಒತ್ತುವುದನ್ನು ನೋಡುತ್ತೇನೆ. ಅಕ್ಷರ ಬಲ್ಲ ನಾವು, ಓದಲು ಹೊತ್ತಿಲ್ಲ ಎನ್ನುವಾಗ ಅವರ ಬೆರಳಿನ ನೀಲಿ ಶಾಯಿ ನನ್ನ ಕಣ್ಣೆದುರು ಬರುತ್ತದೆ.

ಮಗನ ವಿಷಯ ಬೇರೆ. ಅವನಿಗೆ ಹಿಟ್ಟಿನ ಒಂದು ಉಂಡೆ ಕೊಟ್ಟರೆ ಅದರಲ್ಲಿ ಎತ್ತು, ಟ್ರ್ಯಾಕ್ಟರ್ ಮಾಡುತ್ತಾ ಕೂರುತ್ತಾನೆ. ಕೇಳುತ್ತಿಲ್ಲ ಎಂದು ನಾವು ಅಂದುಕೊಂಡಿರುತ್ತೇವೆ. ಮರುದಿನ ಅಕ್ಕ ಬೇರೆ ಪುಟ ತೆರೆದರೆ, “ಇದು ನಿನ್ನೆಯೇ ಆಯಿತು” ಎನ್ನುತ್ತಾನೆ.

ಇಷ್ಟಾದರೂ ಒಂದು ಮಾತನ್ನು ಒತ್ತಿ ಹೇಳಬೇಕು. ಮಕ್ಕಳೊಂದಿಗಿನ ಓದು ನನ್ನ ಓದಿಗೆ ಬದಲಿಯಲ್ಲ. ತಾಯಂದಿರಿಗೆ ಸಲಹೆ ಕೊಡುವವರು ಈ ಎರಡನ್ನೂ ಸುಲಭವಾಗಿ ಒಂದಾಗಿಸಿಬಿಡುತ್ತಾರೆ. ಮಗುವಿಗೆ ಓದಿ ಹೇಳಿ, ನಿಮ್ಮ ಓದೂ ಆಯಿತು ಎನ್ನುತ್ತಾರೆ. ಆಗುವುದಿಲ್ಲ. ನಲವತ್ತರ ಹೆಣ್ಣಿಗೆ ನಲವತ್ತರ ಪುಸ್ತಕ ಬೇಕು. ಸಾವು, ಆಸೆ, ರಾಜಕೀಯ, ಹಣ, ದೇವರು ಇವುಗಳ ಬಗ್ಗೆ ಮಕ್ಕಳ ಮುಂದೆ ಜೋರಾಗಿ ಓದಲಾಗದ ಪುಟಗಳೂ ಬೇಕು. ಅವುಗಳಿಗೆ ಒಂದು ಒಂಟಿತನ ಬೇಕು. ಅದು ನನಗೆ ಸಿಗುವುದು ಬೇಸಿಗೆಯಲ್ಲಿ.

ಕಲಬುರಗಿಯ ಬೇಸಿಗೆಯ ಬಗ್ಗೆ ಹೊರಗಿನವರು ಹೆದರಿ ಮಾತನಾಡುತ್ತಾರೆ. ಹೆದರಬೇಕಾದದ್ದೇ, ಉಷ್ಣಾಂಶ 42, 43 ಡಿಗ್ರಿ ಮುಟ್ಟುತ್ತದೆ. ಅದೇ ಕಾರಣಕ್ಕೆ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲೂ ವಿಜಯಪುರ, ಬಾಗಲಕೋಟೆಗಳಲ್ಲೂ ಸರ್ಕಾರಿ ಕಚೇರಿಗಳ ವೇಳೆ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಗುತ್ತದೆ. ಬೆಂಗಳೂರಿನ ಗೆಳತಿಯರಿಗೆ ಇದನ್ನು ಹೇಳಿದರೆ ನಂಬುವುದಿಲ್ಲ. ಬೆಳಗಿನ ಜಾವ ಎದ್ದು ಗಾಡಿ ಹಿಡಿಯುವ ಕಷ್ಟವಿದೆ. ಆದರೆ ಇಳಿಮಧ್ಯಾಹ್ನಕ್ಕೆ ಮನೆ ಸೇರಿದರೆ ಮುಂದೆ ಬಿಸಿಲು ಇಳಿಯುವವರೆಗೆ ಈ ಊರಿನಲ್ಲಿ ಯಾರೂ ಯಾರ ಮನೆಗೂ ಬರುವುದಿಲ್ಲ. ಸಂತೆಯಿಲ್ಲ, ಸಮಾರಂಭವಿಲ್ಲ, ಮಕ್ಕಳಿಗೆ ಶಾಲೆಯಿಲ್ಲ. ಬೀದಿಯಲ್ಲಿ ನಾಯಿಯೂ ಇರುವುದಿಲ್ಲ.

ನಮ್ಮದು ಹಳೆಯ ಮನೆ, ಶಹಾಬಾದ್ ಕಲ್ಲಿನ ನೆಲ. ಟೈಲ್ಸ್ ಹಾಕಿಸೋಣ ಎಂದು ಎಲ್ಲರೂ ಹೇಳುತ್ತಾರೆ, ನಾನು ಒಪ್ಪಿಲ್ಲ. ಕಿಟಕಿಗೆ ಒದ್ದೆ ಮಾಡಿದ ಚಾದರ ಕಟ್ಟಿ, ಕೂಲರ್ ಹಾಕಿ, ಆ ಕಲ್ಲಿನ ಮೇಲೆ ಬೆನ್ನು ಚಾಚಿ ಪುಸ್ತಕ ಎತ್ತಿ ಹಿಡಿದರೆ ಇನ್ನೇನೂ ಬೇಡ ಅನ್ನಿಸುತ್ತದೆ. ಮಗಳು ಒಂದು ಗೋಡೆಗೆ, ನಾನು ಒಂದು ಗೋಡೆಗೆ. ಮಗ ನಡುವೆ, ಚಿತ್ರದ ಪುಸ್ತಕ ಅಥವಾ ನಿದ್ದೆ. ಅತ್ತೆಯವರು ಒಳಕೋಣೆಯಲ್ಲಿ ಒರಗಿರುತ್ತಾರೆ. ಯಾರೂ ಯಾರನ್ನೂ ಏನು ಓದುತ್ತಿದ್ದೀಯ ಎಂದು ಕೇಳಬಾರದು, ಇದೊಂದೇ ಕಟ್ಟಳೆ. ಓದಿದ ಮೇಲೆ ನೀತಿ ಏನು ಎಂದಂತೂ ಕೇಳಲೇಬಾರದು. ಮಗಳು ಒಮ್ಮೊಮ್ಮೆ ತಾನೇ ತಾನಾಗಿ ನಗುತ್ತಾಳೆ. ಯಾಕೆ ಎಂದು ಕೇಳುವ ಆಸೆಯನ್ನು ನುಂಗಿಕೊಳ್ಳುತ್ತೇನೆ. ಅವಳಿಗೂ ಅವಳದ್ದೇ ಒಂದು ಒಂಟಿತನ ಇರಲಿ. ಕರೆಂಟ್ ಹೋಗಿ ಕೂಲರ್ ನಿಂತಾಗ ಮಾತ್ರ ಎಲ್ಲರೂ ಒಟ್ಟಿಗೆ ಎದ್ದು ಕೂರುತ್ತೇವೆ. ಮಜ್ಜಿಗೆ ಕುಡಿಯುತ್ತೇವೆ. ಆಗ ಅವಳಾಗಿ ಹೇಳಿದರೆ ಕೇಳುತ್ತೇನೆ. ವರ್ಷದ ದಪ್ಪ ಪುಸ್ತಕಗಳನ್ನು ನಾನು ಈ ಎರಡು ತಿಂಗಳಿಗೆಂದೇ ತೆಗೆದಿಡುತ್ತೇನೆ. ಸಮ್ಮೇಳನದ ಚೀಲದಲ್ಲಿ ಉಳಿದಿದ್ದವು ಮುಗಿದದ್ದೂ ಇಂಥ ಮಧ್ಯಾಹ್ನಗಳಲ್ಲೇ.

ಖಾಸಗಿ ಕೆಲಸದವರಿಗೆ, ಕೂಲಿಯವರಿಗೆ, ಬಿಸಿಲಲ್ಲೇ ನಿಂತು ದುಡಿಯುವವರಿಗೆ ಈ ಮಧ್ಯಾಹ್ನ ಇಲ್ಲ ಎಂಬುದು ಗೊತ್ತಿದೆ. ಸಿಕ್ಕವರಾದರೂ ಅದನ್ನು ಮೊಬೈಲಿಗೆ ಕೊಟ್ಟು ಕಳೆಯಬಾರದು ಎಂದು ನನ್ನ ಕಳಕಳಿ. ಮೊಬೈಲ್ ಬಗ್ಗೆ ಇದಕ್ಕಿಂತ ಹೆಚ್ಚು ಹೇಳಲಾರೆ, ಎಲ್ಲರಿಗೂ ಗೊತ್ತಿರುವುದೇ. ಓದುವ ಹೊತ್ತಿಗೆ ನಮ್ಮದು ಅಡುಗೆಮನೆಯ ಡಬ್ಬಿಗಳ ಹಿಂದೆ ಇರುತ್ತದೆ.

ಇನ್ನೊಂದು ಮಾತು, ಅಂಕಗಳದ್ದು. 2025ರ ಎಸ್ಸೆಸ್ಸೆಲ್ಸಿ ಪರೀಕ್ಷೆ-1ರ ಫಲಿತಾಂಶದಲ್ಲಿ ಕಲಬುರಗಿ ಜಿಲ್ಲೆ ರಾಜ್ಯದಲ್ಲೇ ಕೊನೆಗೆ ನಿಂತಿತು. ಅದು ನಮ್ಮೆಲ್ಲರಿಗೂ ತಾಗಿದ ನೋವು. ಆದರೆ ನಮ್ಮ ಓಣಿಯ ತಂದೆ ತಾಯಂದಿರು ಅದಕ್ಕೆ ಕಂಡುಕೊಂಡ ಮದ್ದು ಇನ್ನೊಂದು ಟ್ಯೂಷನ್. ಐದನೆಯ ತರಗತಿಯ ಮಗು ಶಾಲೆ ಬಿಟ್ಟು ಟ್ಯೂಷನ್ನಿಗೆ ಹೋಗಿ ರಾತ್ರಿ ಎಂಟಕ್ಕೆ ಮನೆಗೆ ಬರುತ್ತದೆ. ಅದರ ಕೈಯಲ್ಲಿ ಕತೆ ಪುಸ್ತಕ ಕಂಡರೆ, “ಪಾಠ ಮುಗಿಯಿತೇ?” ಎಂಬ ಪ್ರಶ್ನೆ ತಯಾರಾಗಿರುತ್ತದೆ. ಕೊನೆಯಲ್ಲಿ ಪ್ರಶ್ನೆಗಳಿಲ್ಲದ ಒಂದು ಪುಟವನ್ನೂ ಓದದ ಮಗುವಿಗೆ ಪ್ರಶ್ನೆಪತ್ರಿಕೆಯ ನಾಲ್ಕು ಸಾಲಿನ ಪ್ರಶ್ನೆಯೂ ಬೆಟ್ಟವಾಗುತ್ತದೆ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ದಿನಕ್ಕೆ ಇಷ್ಟು ಪುಟ, ವರ್ಷಕ್ಕೆ ಇಷ್ಟು ಪುಸ್ತಕ ಎಂದು ಲೆಕ್ಕ ಬರೆದಿಡುವ ಗೆಳತಿಯರಿಗೂ ಇದೇ ಕಾರಣಕ್ಕೆ ನಾನು ಬೇಡವೆನ್ನುತ್ತೇನೆ. ದಿನಕ್ಕೆ 15 ಪುಟವಾದರೆ ವರ್ಷಕ್ಕೆ 5,475, ಸರಿ. ಆದರೆ ಕೆಲವು ಪುಟಗಳನ್ನು ಓದಲು ಒಂದು ವಾರ ಬೇಕು, ಕೆಲವು ಪುಸ್ತಕಗಳನ್ನು ಅರ್ಧಕ್ಕೆ ಬಿಡಬೇಕು. ಲೆಕ್ಕಕ್ಕೆ ಇದು ತಿಳಿಯುವುದಿಲ್ಲ.

ಕಳೆದ ದಸರಾ ರಜೆಯಲ್ಲಿ ಮಕ್ಕಳನ್ನು ಬೀದರಿಗೆ ಕರೆದುಕೊಂಡು ಹೋಗಿದ್ದೆವು. ಬಹಮನಿಗಳ ಮಂತ್ರಿ ಮಹಮೂದ್ ಗಾವಾನ್ 1472ರಲ್ಲಿ ಕಟ್ಟಿಸಿದ ಮದರಸಾ ಅಲ್ಲಿದೆ. ಮೂರು ಅಂತಸ್ತು, ಒಂದು ಮಿನಾರು, ನೀಲಿ ಹಸಿರು ಹೆಂಚುಗಳ ಉಳಿಕೆ. ಹದಿನೇಳನೆಯ ಶತಮಾನದ ಕೊನೆಗೆ ಸಿಡಿಮದ್ದಿನ ಸ್ಫೋಟದಲ್ಲಿ ಒಂದು ಭಾಗ ಬಿದ್ದುಹೋಗಿದೆ. ಗ್ರಂಥಾಲಯ, ಪಾಠದ ಸಭಾಂಗಣ, ಮಸೀದಿ, ಗುರುಗಳಿಗೂ ವಿದ್ಯಾರ್ಥಿಗಳಿಗೂ ಇರಲು ಕೋಣೆಗಳು, ಎಲ್ಲವೂ ಒಂದೇ ಸೂರಿನಡಿ ಇದ್ದವು. ಮಗಳು ಒಂದು ಕಿಟಕಿಯ ಕಟ್ಟೆಯ ಮೇಲೆ ಕುಳಿತು, “ಇಲ್ಲಿದ್ದವರಿಗೆ ಓದುವುದೇ ಕೆಲಸವೇ?” ಎಂದು ಕೇಳಿದಳು. ಹೌದು ಎಂದೆ. ಓದುವವರಿಗೆ ಊಟ, ಜಾಗ, ಬೆಳಕು ಎಲ್ಲವನ್ನೂ ಯಾರೋ ಮೊದಲೇ ಯೋಚಿಸಿ ಕಟ್ಟಿದ್ದರು. ಅಲ್ಲಿ ಹೆಣ್ಣುಮಕ್ಕಳು ಓದುತ್ತಿದ್ದರೇ ಎಂಬುದು ಅವಳ ಮುಂದಿನ ಪ್ರಶ್ನೆ. ಬಸ್ಸಿನಲ್ಲಿ ಹುಮನಾಬಾದ್ ಬರುವವರೆಗೆ ಅದನ್ನೇ ಮಾತಾಡಿದೆವು.

ಇಂದು ಆ ಜಾಗ ಕಟ್ಟಿಕೊಡಬೇಕಾದದ್ದು ಸಾರ್ವಜನಿಕ ಗ್ರಂಥಾಲಯಗಳು. 1965ರ ಕಾಯ್ದೆಯಿಂದ ಬಂದ ವ್ಯವಸ್ಥೆಯಿದು. ನಾವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಕರ ಇದೆ. ರಸೀದಿ ತೆಗೆದು ನೋಡಿ, ನಿಮ್ಮ ಮನೆಯಿಂದಲೂ ಹೋಗಿರುತ್ತದೆ. ಕರ ಕಟ್ಟಿದವರು ಹೋಗಿ ಪುಸ್ತಕ ಕೇಳಬೇಕು. ಹಳ್ಳಿಗಳಲ್ಲಿ ಒಂದಷ್ಟು ಒಳ್ಳೆಯದು ನಡೆದಿದೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಪಂಚಾಯತ್ ರಾಜ್ ಇಲಾಖೆಗೆ ಬಂದವು. 2020ರ ನವೆಂಬರಿನಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟರು. ಚಿಂಚೋಳಿ ತಾಲ್ಲೂಕಿನ ನನ್ನ ತವರಿನಲ್ಲಿ ಅಣ್ಣನ ಮಕ್ಕಳು ಅಲ್ಲಿಂದಲೇ ಪುಸ್ತಕ ತರುತ್ತಾರೆ. ಅವರ ತಾಯಿ, ನನ್ನ ವೈನಿ, ಶಾಲೆ ಬಿಟ್ಟು ಇಪ್ಪತ್ತು ವರ್ಷದ ಮೇಲೆ ಆ ಪುಸ್ತಕಗಳನ್ನು ಓದಲು ಶುರು ಮಾಡಿದ್ದಾರೆ. ಮಕ್ಕಳು ಹಿಂದಿರುಗಿಸುವ ಮೊದಲು ತಾನು ಮುಗಿಸಬೇಕು ಎಂದು ಅವರ ಅವಸರ.

ಅದೇ ತವರಿನಲ್ಲಿ ನನ್ನ ಅಪ್ಪ ಇದ್ದಾರೆ. ಪ್ರಾಥಮಿಕ ಶಾಲೆಯ ಮೇಷ್ಟ್ರು. ಸಂಬಳದಲ್ಲಿ ಉಳಿಸಿ ಪುಸ್ತಕ ಕೊಳ್ಳುತ್ತಿದ್ದರು, ಹೆಸರು ಬರೆದು ತಾರೀಖು ಹಾಕಿ ಕಬ್ಬಿಣದ ಕಪಾಟಿನಲ್ಲಿ ಇಡುತ್ತಿದ್ದರು. ನಾಲ್ಕು ಮಕ್ಕಳ ಶಾಲೆ, ಮದುವೆ, ಹೊಲದ ಕೆಲಸ, ಜನಗಣತಿ, ಚುನಾವಣೆ ಡ್ಯೂಟಿ. “ನಿವೃತ್ತಿಯಾಗಲಿ, ಎಲ್ಲ ಓದುತ್ತೇನೆ” ಎನ್ನುತ್ತಿದ್ದರು. ಅರವತ್ತಕ್ಕೆ ನಿವೃತ್ತಿಯಾಯಿತು. ಸಕ್ಕರೆ ಕಾಯಿಲೆ ಅಷ್ಟರಲ್ಲಿ ಕಣ್ಣಿನ ಹಿಂಪದರಕ್ಕೆ ಇಳಿದಿತ್ತು. ಚಿಕಿತ್ಸೆಯಿಂದ ನಡೆದಾಡುವಷ್ಟು ದೃಷ್ಟಿ ಉಳಿದಿದೆ, ಅಕ್ಷರ ಹಿಡಿಯುವಷ್ಟು ಇಲ್ಲ. ಕಪಾಟಿನ ಅರ್ಧಕ್ಕಿಂತ ಹೆಚ್ಚು ಪುಸ್ತಕಗಳ ಪುಟಗಳು ಇನ್ನೂ ಒಂದಕ್ಕೊಂದು ಅಂಟಿಕೊಂಡೇ ಇವೆ. ಮಕ್ಕಳು ದೊಡ್ಡವರಾಗಲಿ, ಸಾಲ ತೀರಲಿ, ನಿವೃತ್ತಿಯಾಗಲಿ ಎಂದು ಓದನ್ನು ಮುಂದೂಡುವವರ ಮಾತು ಕೇಳಿದಾಗಲೆಲ್ಲ ನನಗೆ ಎದೆ ಉರಿಯುತ್ತದೆ. ನನ್ನ ಓದಿನ ಹಟದ ಹಿಂದೆ ಆ ಕಪಾಟು ಇದೆ.

ಆ ಪುಸ್ತಕಗಳನ್ನು ಈಗ ಒಂದೊಂದಾಗಿ ಕಲಬುರಗಿಗೆ ತರುತ್ತಿದ್ದೇವೆ. ಭಾನುವಾರ ಬೆಳಿಗ್ಗೆ ಮಗಳು ಫೋನ್ ಹಚ್ಚಿ, ಅಜ್ಜನಿಗೆ ಒಂದು ಅಧ್ಯಾಯ ಓದುತ್ತಾಳೆ. ಅಡುಗೆಮನೆಯಲ್ಲಿ ರೂಢಿಯಾದ ದೊಡ್ಡ ದನಿ ಇಲ್ಲಿ ಉಪಯೋಗಕ್ಕೆ ಬಂದಿದೆ. ಅಪ್ಪ ಮೇಷ್ಟ್ರ ಅಭ್ಯಾಸ ಬಿಟ್ಟಿಲ್ಲ. ಅಲ್ಪಪ್ರಾಣ ಮಹಾಪ್ರಾಣ ತಪ್ಪಿದರೆ ಆ ಕಡೆಯಿಂದಲೇ ತಿದ್ದುತ್ತಾರೆ. ಮೊನ್ನೆ ಹೊಸ ಪುಸ್ತಕ ಶುರು ಮಾಡುವಾಗ ಅವಳು ಮುನ್ನುಡಿಯನ್ನು ಬಿಟ್ಟು ನೇರವಾಗಿ ಕತೆಗೆ ಹೋಗಿದ್ದಾಳೆ. ಎರಡು ಪುಟವಾದ ಮೇಲೆ ಅಪ್ಪ ತಡೆದರು. ಈ ಪುಸ್ತಕಕ್ಕೆ ಮುನ್ನುಡಿ ಇದೆ, ಕೊಂಡ ದಿನ ಬಸ್ ನಿಲ್ದಾಣದಲ್ಲಿ ಅದನ್ನಷ್ಟೇ ಓದಿದ್ದೆ, ಮೊದಲಿನಿಂದ ಓದು ಎಂದರು. ಅವಳು ಉಸಿರೆಳೆದುಕೊಂಡು ಹಿಂದಿನ ಪುಟಗಳಿಗೆ ಹೋದಳು. ಮುನ್ನುಡಿ ಹನ್ನೊಂದು ಪುಟವಿತ್ತು. ಅಂದು ನಮ್ಮ ಮನೆಯಲ್ಲಿ ನಾಷ್ಟಾ ಆದದ್ದು ಹತ್ತೂವರೆಗೆ.